ಒಂದೇ ಹಾಲ್, 18 ಮಕ್ಕಳು, ಒಬ್ಬೊಬ್ಬರದು ಒಂದೊಂದು ಮಟ್ಟ: ಚೆಸ್ ಕ್ಲಬ್ಬಿನಲ್ಲಿ ಹೇಗೆ ಕಲಿಸುತ್ತೀರಿ?

ವಾರಾಂತ್ಯದ ಕೋಚ್
ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಚೆಸ್ ಕಲಿಸುತ್ತೇನೆ. ಒಂದೇ ಹಾಲ್, ಒಂದೂವರೆ ಗಂಟೆ, 18 ಮಕ್ಕಳು, ಕೋಚ್ ನಾನೊಬ್ಬಳೇ. ಆರು ವರ್ಷದವರಿಂದ ಹದಿನಾಲ್ಕು ವರ್ಷದವರ ತನಕ ಇದ್ದಾರೆ. ಒಬ್ಬನಿಗೆ ಕುದುರೆ ಹೇಗೆ ಹೋಗುತ್ತದೆ ಅನ್ನೋದೇ ಪ್ರತಿ ವಾರ ಮರೆತುಹೋಗುತ್ತದೆ. ಇಬ್ಬರಿಗೆ ಆಗಲೇ ರೇಟಿಂಗ್ (ಟೂರ್ನಮೆಂಟ್ ಆಡಿ ಸಿಗುವ, ಆಟದ ಮಟ್ಟ ತೋರಿಸುವ ಅಂಕ) ಇದೆ. ಉಳಿದವರಿಗೆ ಆಟ ಗೊತ್ತು, ಆದರೆ ಎರಡು ನಡೆಗೊಂದು ಕಾಯಿ ಸುಮ್ನೆ ಬಿಟ್ಟುಕೊಡುತ್ತಾರೆ.

ಡೆಮೊ ಬೋರ್ಡಿನಲ್ಲಿ ಪಿನ್ (ಕದಲಿದರೆ ಹಿಂದಿರುವ ದೊಡ್ಡ ಕಾಯಿಗೆ ಹೊಡೆತ ಬೀಳುವ ಹಾಗೆ ಒಂದು ಕಾಯಿ ಸಿಕ್ಕಿಹಾಕಿಕೊಳ್ಳೋದು) ಹೇಳಿಕೊಡಲು ನಿಂತರೆ, ನಾನು ಕಾಯಿ ಇಟ್ಟು ಮುಗಿಸುವ ಮೊದಲೇ ಆ ಇಬ್ಬರು ಉತ್ತರ ಕೂಗಿಬಿಡುತ್ತಾರೆ. ಚಿಕ್ಕವರು ಯೋಚಿಸುವುದನ್ನೇ ಬಿಟ್ಟಿದ್ದಾರೆ. ಹೇಗಿದ್ದರೂ ಅಣ್ಣ ಹೇಳುತ್ತಾನೆ ಅಂತ ಕಾಯುತ್ತಾರೆ. ನಿಧಾನ ಮಾಡಿದರೆ ದೊಡ್ಡವರು ಕಿಟಕಿ ಕಡೆ ನೋಡುತ್ತಾರೆ. ಆಮೇಲೆ ಜೋಡಿ ಮಾಡಿ ಆಡಿಸಿದರೆ ಪ್ರತಿ ವಾರ ಸೋಲುವವರು ಅದೇ ಮಕ್ಕಳು. ಹೋದ ವಾರ ಒಂದು ಮಗು ಬೋರ್ಡ್ ಮುಂದೆ ಕೂರೋಕೇ ಒಪ್ಪಲಿಲ್ಲ.

ಗುಂಪು ಮಾಡಬೇಕಾ? ಮಾಡುವುದಾದರೆ ವಯಸ್ಸು ನೋಡಿಯೋ, ಆಟ ನೋಡಿಯೋ? ಇಲ್ಲ, ಒಟ್ಟಿಗೇ ಇಟ್ಟುಕೊಂಡು ಕಲಿಸುವ ದಾರಿ ಇದೆಯಾ? ಮಾಡಿ ನೋಡಿದವರು ಹೇಳಿ.

ಏಳನೇ ಸಾಲು
ಆಟ ನೋಡಿ ಗುಂಪು ಮಾಡಿ. ವಯಸ್ಸು ಬಿಡಿ.

ಇಬ್ಬರ ಅಮ್ಮ
ಅಷ್ಟು ಸುಲಭ ಅಲ್ಲ ಸರ್. ನನ್ನ ದೊಡ್ಡ ಮಗಳಿಗೆ 12. ಚೆಸ್ ಶುರು ಮಾಡಿದ್ದು ತಡವಾಗಿ. ಹೊಸಬರ ಗುಂಪಿಗೆ ಹಾಕಿದರು. ಅಲ್ಲಿ ಇದ್ದವರೆಲ್ಲ ಏಳು ವರ್ಷದ ಮಕ್ಕಳು. ಎರಡನೇ ವಾರಕ್ಕೆ ಹೋಗಲ್ಲ ಅಂದಳು. ಆಟ ಬರಲಿಲ್ಲ ಅಂತಲ್ಲ, ನಾಚಿಕೆಯಾಗಿ. 12 ವರ್ಷದವರಿಗೆ ಮಾತಲ್ಲಿ ವಿವರಿಸಿದರೆ ಬೇಗ ಹಿಡಿಯುತ್ತಾರೆ. 7 ವರ್ಷದವರಿಗೆ ಕಾಯಿ ಕೈಗೆ ಕೊಟ್ಟು ಆಡಿಸಬೇಕು. ಇಬ್ಬರೂ ಹೊಸಬರೇ, ಆದರೆ ಕಲಿಯುವ ರೀತಿ ಬೇರೆ ಅಲ್ವಾ?

ಏಳನೇ ಸಾಲು
ಹಾಗಂತ 12 ವರ್ಷದವಳನ್ನು ರೇಟಿಂಗ್ ಇರುವವರ ಜೊತೆ ಕೂರಿಸಿದರೆ ಇನ್ನೂ ಬೇಗ ಬಿಟ್ಟುಬಿಡುತ್ತಾಳೆ. ಎರಡರಲ್ಲಿ ಒಂದು ಆರಿಸಲೇಬೇಕು.

ಶಾಲೆ ಟೀಚರ್
ಯಾಕೆ ಆರಿಸಬೇಕು? ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಸಂಜೆ ಚೆಸ್. ನನ್ನ ಅನುಭವದಲ್ಲಿ ಮಕ್ಕಳನ್ನು ಬೇರೆ ಮಾಡುವುದಕ್ಕಿಂತ ಪ್ರಶ್ನೆಯನ್ನು ಬೇರೆ ಮಾಡುವುದು ಒಳ್ಳೆಯದು. ಬೋರ್ಡ್ ಮೇಲೆ ಒಂದೇ ಪೊಸಿಷನ್ (ಕಾಯಿಗಳ ಜೋಡಣೆ) ಇಡಿ, ಪ್ರಶ್ನೆ ಮೂರು ಕೇಳಿ.

ಒಂದು ಉದಾಹರಣೆ. ಬಿಳಿ ರಾಜ ಇ5 (ಬಿಳಿ ಕಡೆಯಿಂದ ನೋಡಿದರೆ ಎಡದಿಂದ ಎ, ಬಿ, ಸಿ ಅಂತ ಎಣಿಸಿದ ಇ ಸಾಲಿನಲ್ಲಿ 5ನೇ ಮನೆ), ಬಿಳಿ ಪಾನ್ (ಕಾಲಾಳು, ಕೊನೆಯ ಸಾಲು ಮುಟ್ಟಿದರೆ ರಾಣಿ ಆಗಬಹುದು) ಇ4, ಕಪ್ಪು ರಾಜ ಇ7. ಬೋರ್ಡ್ ಮೇಲೆ ಇರೋದು ಮೂರೇ ಕಾಯಿ.

ತೀರಾ ಹೊಸಬರಿಗೆ: ಬಿಳಿ ರಾಜ ಯಾವ ಮನೆಗಳಿಗೆ ಹೋಗಬಹುದು, ಯಾವುದಕ್ಕೆ ಹೋಗುವ ಹಾಗಿಲ್ಲ? ಮನೆಗಳ ಮೇಲೆ ಬೆರಳಿಟ್ಟು ತೋರಿಸಲಿ. ಎರಡು ರಾಜರು ಅಕ್ಕಪಕ್ಕ ಬರುವ ಹಾಗಿಲ್ಲ ಅನ್ನೋ ನಿಯಮ ಇಲ್ಲೇ ಗಟ್ಟಿಯಾಗುತ್ತದೆ.

ನಡುವಿನವರಿಗೆ: ಜೋಡಿಯಾಗಿ ಕೂತು ಇದನ್ನೇ ಆಡಿ. ಒಮ್ಮೆ ಬಿಳಿ ಮೊದಲು, ಒಮ್ಮೆ ಕಪ್ಪು ಮೊದಲು. ಏನಾಯಿತು ಅಂತ ಬರೆದುಕೊಳ್ಳಿ.

ದೊಡ್ಡವರಿಗೆ: ಕಪ್ಪಿನ ಸರದಿ ಆದರೆ ಬಿಳಿ ಗೆಲ್ಲುತ್ತದೆ, ಬಿಳಿಯ ಸರದಿ ಆದರೆ ಡ್ರಾ. ಯಾಕೆ? ಅದೇ ಪಾನ್ ಇ3ರಲ್ಲಿ ಇದ್ದರೆ ಏನು ಬದಲಾಗುತ್ತದೆ?

ಉತ್ತರ ಕೂಗುವ ಹಾಗಿಲ್ಲ. ಪುಸ್ತಕದಲ್ಲಿ ಬರೆದು ನನಗೆ ತೋರಿಸಬೇಕು. ಈ ಒಂದು ನಿಯಮದಿಂದಲೇ ಅರ್ಧ ಗಲಾಟೆ ನಿಂತಿತು.

ಕರಿಕಾಯಿ
ಇಷ್ಟೆಲ್ಲ ಯಾಕೆ ಮೇಡಂ, ರಾಜ ಪಾನ್ ಮುಂದೆ ನಿಂತರೆ ಗೆಲುವು ಅಂತ ಹೇಳಿಕೊಟ್ಟರೆ ಸಾಕು. ಮಕ್ಕಳಿಗೆ ಒಂದು ಸೂತ್ರ ಬೇಕು.

ಎಂಡ್‌ಗೇಮ್ ಹುಚ್ಚು
ಕರಿಕಾಯಿ, ಆ ಸೂತ್ರ ಸರಿ ಇಲ್ಲ. ಟೀಚರ್ ಇಟ್ಟ ಪೊಸಿಷನ್ನಿನಲ್ಲೇ ರಾಜ ಪಾನ್ ಮುಂದೆ ಇದ್ದಾನೆ, ಆದರೂ ಬಿಳಿಯ ಸರದಿ ಆದರೆ ಡ್ರಾ. ರಾಜ ಡಿ5ಕ್ಕೆ ಹೋದರೆ ಕಪ್ಪು ಡಿ7ಕ್ಕೆ ಬಂದು ಎದುರು ನಿಲ್ಲುತ್ತದೆ. ಎಫ್5ಕ್ಕೆ ಹೋದರೆ ಎಫ್7. ದಾರಿಯೇ ಸಿಗಲ್ಲ. ಪಾನ್ ಇ3ರಲ್ಲಿ ಇದ್ದರೆ ಮಾತ್ರ ಬಿಳಿಯ ಹತ್ತಿರ ಒಂದು ನಡೆ ಉಳಿದಿರುತ್ತದೆ. ಪಾನ್ ಇ4ಕ್ಕೆ ತಳ್ಳಿ ಸರದಿಯನ್ನು ಕಪ್ಪಿಗೆ ದಾಟಿಸಬಹುದು. ಆಗ ಯಾರ ಸರದಿ ಆದರೂ ಗೆಲುವು.

ಇನ್ನೊಂದು. ಇದೇ ಮೂರು ಕಾಯಿಗಳನ್ನು ಎಚ್ ಸಾಲಿಗೆ ಸರಿಸಿ ನೋಡಿ. ರಾಜ ಎಚ್5, ಪಾನ್ ಎಚ್4, ಕಪ್ಪು ರಾಜ ಎಚ್7. ಯಾರ ಸರದಿ ಆದರೂ ಡ್ರಾ. ಅಂಚಿನ ಪಾನ್ ಆದರೆ ಮೂಲೆಯಲ್ಲಿ ಕೂತ ರಾಜನನ್ನು ಎಬ್ಬಿಸೋಕೆ ಆಗಲ್ಲ. ನಿಮ್ಮ ಸೂತ್ರ ಕಲಿತ ಮಗು ಟೂರ್ನಮೆಂಟಿನಲ್ಲಿ ಇಲ್ಲೇ ಮೋಸಹೋಗುತ್ತದೆ.

ಕರಿಕಾಯಿ
ನಾನು ಹೇಳಿದ್ದು ಆರು ವರ್ಷದವರಿಗೆ. ಅವರಿಗೆ ಇಷ್ಟು ತಲೆಗೆ ಹೋಗಲ್ಲ.

ಎಂಡ್‌ಗೇಮ್ ಹುಚ್ಚು
ಆರು ವರ್ಷದವರಿಗೆ ಸೂತ್ರವೇ ಬೇಡ. ಆಡಲಿ, ಯಾರು ಗೆದ್ದರು ಅಂತ ನೋಡಲಿ. ಸುಳ್ಳು ಸೂತ್ರ ಕೊಟ್ಟು ಆಮೇಲೆ ಬಿಡಿಸುವ ಕೆಲಸ ಜಾಸ್ತಿ ಕಷ್ಟ.

ಎಂಡ್‌ಗೇಮ್ (ಕಾಯಿ ಕಡಿಮೆ ಉಳಿದ ಕೊನೆಯ ಹಂತ) ಮೊದಲು ಕಲಿಸಿ ಅಂತ ಹಳೆಯ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ನೂರು ವರ್ಷದ ಹಿಂದೆಯೇ ಒತ್ತಿ ಹೇಳಿದ್ದಾರೆ. ಬೆರಕೆ ಗುಂಪಿಗಂತೂ ಇದು ಹೇಳಿ ಮಾಡಿಸಿದ ಹಾಗಿದೆ. ಕಾಯಿ ಕಡಿಮೆ, ಹಾಗಾಗಿ ಹೊಸಬರು ಗಾಬರಿಯಾಗಲ್ಲ. ಆದರೆ ಆಳ ಇದೆ, ದೊಡ್ಡವರಿಗೆ ಬೇಜಾರಾಗಲ್ಲ. ಓಪನಿಂಗ್ (ಆಟದ ಶುರುವಿನ ನಡೆಗಳು) ತೆಗೆದುಕೊಂಡರೆ ನೆನಪಿಟ್ಟುಕೊಂಡವನೇ ರಾಜ, ಉಳಿದವರು ಪ್ರೇಕ್ಷಕರು.

ಕುದುರೆ ಹಾರಿತು
2024ರ ವಿಶ್ವ ಚಾಂಪಿಯನ್‌ಶಿಪ್ ನೆನಪಿದೆಯಾ? ಸಿಂಗಪುರದಲ್ಲಿ ನಮ್ಮ ಗುಕೇಶ್ ಮತ್ತು ಆಗಿನ ಚಾಂಪಿಯನ್ ಡಿಂಗ್ ಲಿರೆನ್. 14ನೇ ಆಟ, ಡ್ರಾ ಆಗುವ ಹಾಗಿತ್ತು. ಡಿಂಗ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ಆನೆ ಬದಲಾಯಿಸಿ, ಆಮೇಲೆ ಒಂಟೆಯನ್ನೂ ಬದಲಾಯಿಸಿ, ಬರೀ ರಾಜ ಮತ್ತು ಪಾನ್ ಉಳಿಯುವ ಹಾಗೆ ಮಾಡಿ ಗೆದ್ದುಬಿಟ್ಟರು. 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್. ನಾನು ಮಕ್ಕಳಿಗೆ ಆ ಕೊನೆಯ ಪೊಸಿಷನ್ ಇಟ್ಟು ತೋರಿಸುತ್ತೇನೆ. ಪಾನ್ ಎಂಡ್‌ಗೇಮ್ ಯಾಕೆ ಕಲಿಯಬೇಕು ಅಂತ ಆಮೇಲೆ ಯಾರೂ ಕೇಳಲ್ಲ.

ವಾರಾಂತ್ಯದ ಕೋಚ್
ಒಂದೇ ಪೊಸಿಷನ್, ಮೂರು ಪ್ರಶ್ನೆ ತುಂಬಾ ಹಿಡಿಸಿತು ಟೀಚರ್. ಆದರೆ ನಡುವಿನವರಿಗೆ ಉತ್ತರ ತಿದ್ದಿ ಮುಗಿಸುವಷ್ಟರಲ್ಲಿ ದೊಡ್ಡವರು ಖಾಲಿ ಕೂತಿರುತ್ತಾರೆ. ಅವರಿಗೆ ಚಿಕ್ಕವರಿಗೆ ಹೇಳಿಕೊಡುವ ಕೆಲಸ ಕೊಡಲಾ?

ಶಾಲೆ ಟೀಚರ್
ಕೊಡಿ. ಇನ್ನೊಬ್ಬರಿಗೆ ವಿವರಿಸಬೇಕಾದರೆ ತನಗೆ ಎಷ್ಟು ಗೊತ್ತು ಅಂತ ತಿಳಿಯುತ್ತದೆ.

ಹದಿನಾರರ ಹುಡುಗ
ನಾನು ಆ "ದೊಡ್ಡವರ" ಕಡೆಯವನು. ದಯವಿಟ್ಟು ಪ್ರತಿ ವಾರ ಆ ಕೆಲಸ ಕೊಡಬೇಡಿ. ನಾನು ಕ್ಲಬ್ಬಿಗೆ ಬರೋದು ಕಲಿಯೋಕೆ. ಹಿಂದೆ ಇದ್ದ ಒಂದು ಕ್ಲಬ್ಬಿನಲ್ಲಿ ನನಗೆ ರೇಟಿಂಗ್ ಬಂದ ದಿನದಿಂದ ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋದೇ ಕೆಲಸ ಆಯಿತು. ನನ್ನ ಆಟ ಯಾರೂ ನೋಡಲಿಲ್ಲ. ಚಿಕ್ಕವರಿಗೆ ಹೇಳಿಕೊಡೋದು ನನಗೆ ಇಷ್ಟ, ಆದರೆ ನನಗೂ ಹೇಳಿಕೊಡುವವರು ಬೇಕಲ್ಲ. ಒಂದೂವರೆ ಗಂಟೆಯಲ್ಲಿ ಹದಿನೈದು ನಿಮಿಷ ಕೋಚ್ ನನ್ನ ಪಕ್ಕ ಕೂತು, ನಾನು ಬರೆದ ಸ್ಕೋರ್‌ಶೀಟ್ (ಆಟದ ನಡೆಗಳ ಪಟ್ಟಿ) ನೋಡಿ "ಇಲ್ಲಿ ಏನು ಯೋಚನೆ ಮಾಡಿದೆ?" ಅಂತ ಕೇಳಿದರೆ ಸಾಕು. ಉಳಿದ ಸಮಯ ಏನು ಹೇಳಿದರೂ ಮಾಡುತ್ತೇನೆ.

ಇಬ್ಬರ ಅಮ್ಮ
ಸರಿಯಾಗಿ ಹೇಳಿದೆ ಕಂದ.

ಶಾಲೆ ಟೀಚರ್
ಒಪ್ಪುತ್ತೇನೆ. ಸರದಿ ಇರಲಿ. ಈ ವಾರ ಒಬ್ಬ, ಮುಂದಿನ ವಾರ ಇನ್ನೊಬ್ಬ. ಮತ್ತೆ, ಹೇಳಿಕೊಡುವವನು ಕಾಯಿ ಮುಟ್ಟಬಾರದು. ಬರೀ ಪ್ರಶ್ನೆ ಕೇಳಬೇಕು: "ಎದುರಿನವನು ಈಗ ಏನು ಹೊಡೆಯೋಕೆ ನೋಡುತ್ತಿದ್ದಾನೆ?" ಅಷ್ಟೇ. ಕಾಯಿ ಮುಟ್ಟಲು ಬಿಟ್ಟರೆ ಆಟ ಅವನದೇ ಆಗಿಬಿಡುತ್ತದೆ.

ಏಳನೇ ಸಾಲು
ಆಡಿಸುವ ವಿಷಯಕ್ಕೆ ಬನ್ನಿ, ಸೋತು ಸೋತು ಮಗು ಬೇಜಾರಾಗಿರೋದು ಅಲ್ಲಿ. ಗಟ್ಟಿ ಆಟಗಾರ ಒಂದು ಕುದುರೆ ತೆಗೆದಿಟ್ಟು ಆಡಲಿ. 19ನೇ ಶತಮಾನದಲ್ಲಿ ಇದು ಮಾಮೂಲಿ. ಆ ಕಾಲದ ಅಮೆರಿಕದ ದೊಡ್ಡ ಆಟಗಾರ ಪಾಲ್ ಮಾರ್ಫಿ ಕುದುರೆ ಬಿಟ್ಟುಕೊಟ್ಟು ಆಡಿದ ಎಷ್ಟೋ ಆಟಗಳು ಇವತ್ತಿಗೂ ಸಿಗುತ್ತವೆ.

ಕರಿಕಾಯಿ
ಕಾಯಿ ತೆಗೆಯೋದು ಬೇಡ. ಚಿಕ್ಕವನಿಗೆ "ನಿನ್ನ ಕೈಲಿ ಆಗಲ್ಲ" ಅಂತ ಬೋರ್ಡ್ ಮೇಲೆ ಬರೆದು ಇಟ್ಟ ಹಾಗೆ. ಕ್ಲಾಕ್ ಬಳಸಿ. ಚಿಕ್ಕವನಿಗೆ 15 ನಿಮಿಷ, ದೊಡ್ಡವನಿಗೆ 3. ಎರಡೂ ಕಡೆ ಪೂರ್ತಿ ಕಾಯಿ ಇರುತ್ತದೆ, ಆಟ ಅದೇ ಆಟ.

ಏಳನೇ ಸಾಲು
3 ನಿಮಿಷದಲ್ಲಿ ದೊಡ್ಡವನು ಕಲಿಯೋದೇನು? ಪಟಪಟ ಅಂತ ಆಡೋ ಚಾಳಿ ಬರುತ್ತದೆ ಅಷ್ಟೇ. ಕುದುರೆ ಇಲ್ಲದೆ ಆಡಿದರೆ ಪ್ರತಿ ನಡೆಗೂ ತಲೆ ಓಡಿಸಬೇಕು.

ಹದಿನಾರರ ಹುಡುಗ
ನನಗೆ ಕುದುರೆ ಬಿಟ್ಟು ಆಡೋದೇ ಇಷ್ಟ. ನಿಜವಾಗಿ ಕಷ್ಟ ಇದೆ. 3 ನಿಮಿಷದ್ದು ನನಗೆ ಸುಲಭ, ಚಿಕ್ಕವರು ನನ್ನ ಸಮಯ ಮುಗಿಯೋಕೆ ಮೊದಲೇ ಸೋಲುತ್ತಾರೆ.

ಕುದುರೆ ಹಾರಿತು
ಇಬ್ಬರನ್ನೂ ಎದುರೆದುರು ಕೂರಿಸಲೇಬೇಕು ಅಂತ ಏನಿದೆ? ಒಂದೇ ಕಡೆ ಕೂರಿಸಿ. "ಹ್ಯಾಂಡ್ ಅಂಡ್ ಬ್ರೇನ್" ಆಡಿಸಿ. ಒಂದು ಕಡೆ ಇಬ್ಬರು, ಎದುರು ಕಡೆ ಇಬ್ಬರು. ಒಬ್ಬ ಬರೀ ಕಾಯಿಯ ಹೆಸರು ಹೇಳಬೇಕು, "ಒಂಟೆ" ಅಂತ. ಯಾವ ಒಂಟೆ, ಎಲ್ಲಿಗೆ ಅಂತ ಇನ್ನೊಬ್ಬ ನಿರ್ಧರಿಸಿ ನಡೆಸಬೇಕು. ಮಧ್ಯೆ ಮಾತಾಡುವ ಹಾಗಿಲ್ಲ.

ಚಿಕ್ಕವನ ಕೈಯಲ್ಲಿ ಕಾಯಿ ಇರಲಿ, ದೊಡ್ಡವನು ಹೆಸರು ಹೇಳಲಿ. ಅಣ್ಣ "ಕುದುರೆ" ಅಂದ, ಯಾಕೆ ಅಂದ ಅಂತ ಚಿಕ್ಕವನು ಬೋರ್ಡ್ ಪೂರ್ತಿ ಹುಡುಕುತ್ತಾನೆ. ಫೋರ್ಕ್ (ಒಂದೇ ಕಾಯಿಯಿಂದ ಎರಡು ಕಾಯಿಗೆ ಒಟ್ಟಿಗೆ ಹೊಡೆತ) ಸಿಕ್ಕ ಕ್ಷಣ ಅವನ ಮುಖ ನೋಡಬೇಕು ನೀವು. ಹೇಳಿಕೊಟ್ಟಿಲ್ಲ, ಅವನೇ ಕಂಡುಹಿಡಿದದ್ದು. ದೊಡ್ಡವನೂ ಯೋಚಿಸಬೇಕಾಗುತ್ತದೆ, ಯಾಕಂದರೆ ತಮ್ಮನಿಗೆ ಕಾಣುವಂಥ ನಡೆಯನ್ನೇ ಆರಿಸಬೇಕು.

ವಾರಾಂತ್ಯದ ಕೋಚ್
ಇದು ಖಂಡಿತ ಮಾಡುತ್ತೇನೆ! ಕ್ಲಬ್ಬಿನ ಒಳಗೆ ಪುಟ್ಟ ಟೂರ್ನಮೆಂಟ್ ಮಾಡೋದಿದೆ. ಎಲ್ಲರಿಗೂ ಎಲ್ಲರ ಜೊತೆ ಆಟ ಇಟ್ಟರೆ ಹೇಗೆ?

ಆರ್ಬಿಟರ್
ಬೇಡ. 18 ಮಕ್ಕಳಿಗೆ 17 ಸುತ್ತು ಆಗುತ್ತದೆ, ಕೆಳಗಿನವರು ಅಷ್ಟಷ್ಟೂ ಸೋಲುತ್ತಾರೆ. ಸ್ವಿಸ್ ಪದ್ಧತಿ ಇರೋದೇ ಇದಕ್ಕೆ. 1895ರಲ್ಲಿ ಜ್ಯೂರಿಕ್‌ನ ಒಂದು ಟೂರ್ನಮೆಂಟಿನಲ್ಲಿ ಮೊದಲು ಬಳಸಿದರು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಗುತ್ತಾರೆ. ಎರಡು ಮೂರು ಸುತ್ತಾಗುವಷ್ಟರಲ್ಲಿ ಸಮ ಮಟ್ಟದವರೇ ಜೊತೆಯಾಗುತ್ತಾರೆ. ಐದು ಸುತ್ತು ಸಾಕು.

ಒಂದು ಎಚ್ಚರ. ಮಾಮೂಲಿ ಸ್ವಿಸ್‌ನಲ್ಲಿ ಮೊದಲ ಸುತ್ತಿಗೆ ಪಟ್ಟಿಯ ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕೆ ಜೋಡಿಸುತ್ತಾರೆ. 1ನೆಯವನಿಗೆ 10ನೆಯವನು, 2ಕ್ಕೆ 11. ಚಿಕ್ಕವರೆಲ್ಲ ಮೊದಲ ಸುತ್ತಲ್ಲೇ ಹೊಡೆತ ತಿನ್ನುತ್ತಾರೆ. ಇದು ಕ್ಲಬ್ಬಿನ ಒಳಗಿನ ಆಟ, ರೇಟಿಂಗಿಗೆ ಹೋಗಲ್ಲ. ಹಾಗಾಗಿ ಮೊದಲ ಸುತ್ತಿಗೆ 1ಕ್ಕೆ 2, 3ಕ್ಕೆ 4 ಅಂತ ಅಕ್ಕಪಕ್ಕದವರನ್ನೇ ಜೋಡಿಸಿ. ಯಾರೂ ಕೇಳಲ್ಲ.

ಇಬ್ಬರ ಅಮ್ಮ
ಆರ್ಬಿಟರ್ ಸರ್, ರೇಟಿಂಗ್ ಅಂದಿರಲ್ಲ, ಒಂದು ಪ್ರಶ್ನೆ. ನನ್ನ ಮಗನ ಜೊತೆಯವರಿಗೆಲ್ಲ ಬಂತು, ಇವನಿಗೆ ಬರಲಿಲ್ಲ ಅಂತ ಮನೆಯಲ್ಲಿ ಒಂದೇ ಮಾತು. ಎಷ್ಟು ಆಡಿದರೆ ಬರುತ್ತದೆ?

ಆರ್ಬಿಟರ್
ಆಟ ಎಷ್ಟು ಅನ್ನೋದಕ್ಕಿಂತ ಆಟ ಹೇಗೆ ಅನ್ನೋದು ಮುಖ್ಯ ಮೇಡಂ. 2024ರ ಮಾರ್ಚ್‌ನಿಂದ ಫಿಡೆ (ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ) ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದೆ. ಹಾಗಾಗಿ ಮೊದಲಿನ ಹಾಗೆ ಬೇಗ ಬರಲ್ಲ. ಜೊತೆಯವರಿಗೆ ಆಗ ಬಂತು, ಇವನಿಗೆ ಈಗ ಬರಲಿಲ್ಲ ಅಂತ ಹೋಲಿಸಲೇಬೇಡಿ. ಅಳತೆಗೋಲೇ ಬದಲಾಗಿದೆ. ಮಗ ಹೋದ ತಿಂಗಳಿಗಿಂತ ಕಡಿಮೆ ಕಾಯಿ ಬಿಟ್ಟುಕೊಡುತ್ತಿದ್ದಾನಾ? ಅದನ್ನು ನೋಡಿ.

ಕರಿಕಾಯಿ
ಈಗಿನ ಮಕ್ಕಳು ಮೊಬೈಲಿನಲ್ಲೇ ಕಲಿಯುತ್ತಾರೆ ಬಿಡಿ. ಪಜಲ್ ಆ್ಯಪ್ ಅವರವರ ಮಟ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಕೋಚ್‌ಗೆ ತಲೆನೋವೇ ಇಲ್ಲ.

ಎಂಡ್‌ಗೇಮ್ ಹುಚ್ಚು
ಮನೆಯಲ್ಲಿ ಮಾಡಲಿ. ಕ್ಲಬ್ಬಿಗೆ ಬಂದು ಮೊಬೈಲ್ ಹಿಡಿದು ಕೂರೋದಾದರೆ ಕ್ಲಬ್ ಯಾಕೆ? ಪಜಲ್‌ನಲ್ಲಿ "ಇಲ್ಲಿ ಏನೋ ಇದೆ" ಅಂತ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಯಾರೂ ಹೇಳಲ್ಲ. ಅದನ್ನು ಗುರುತಿಸೋದೇ ಕಲಿಯಬೇಕಾದ್ದು.

ಬೆರಳ ತುದಿ
ಬೆರಕೆ ಮಟ್ಟ ಅಂದಾಗ ಎಲ್ಲರೂ ಆಟದ ಮಟ್ಟ ಮಾತ್ರ ಹೇಳುತ್ತಿದ್ದೀರಿ. ನನಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಕಣ್ಣು ಕಾಣುವ ಮಕ್ಕಳ ಕ್ಲಬ್ಬಿನಲ್ಲೇ ಕಲಿತೆ. ನಿಮ್ಮ ಕ್ಲಬ್ಬಿಗೂ ಅಂಥ ಒಂದು ಮಗು ಬರಬಹುದು, ಅದಕ್ಕೆ ಹೇಳುತ್ತೇನೆ.

ನಮ್ಮ ಬೋರ್ಡಿನಲ್ಲಿ ಕಪ್ಪು ಮನೆಗಳು ಸ್ವಲ್ಪ ಎತ್ತರ ಇರುತ್ತವೆ. ಪ್ರತಿ ಮನೆಗೂ ಒಂದು ತೂತು, ಕಾಯಿಯ ಬುಡಕ್ಕೆ ಒಂದು ಮೊಳೆ, ಅದರಲ್ಲಿ ಸಿಕ್ಕಿಸಬೇಕು. ಕಪ್ಪು ಕಾಯಿಗೆ ಬೆರಳಿಗೆ ಸಿಗುವ ಹಾಗೆ ಒಂದು ಗುರುತು ಇರುತ್ತದೆ. ಎದುರಿನವರಿಗೆ ಅವರದೇ ಮಾಮೂಲಿ ಬೋರ್ಡ್. ನಡೆಯನ್ನು ಇಬ್ಬರೂ ಬಾಯಲ್ಲಿ ಹೇಳಬೇಕು. ಬಿ, ಡಿ, ಇ ಕಿವಿಗೆ ಒಂದೇ ಥರ ಕೇಳುತ್ತವೆ ಅಂತ ಸಾಲುಗಳಿಗೆ ಆ್ಯನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಅಂತ ಹೆಸರಿದೆ. ಮುಟ್ಟಿದ ಕಾಯಿ ಆಡಲೇಬೇಕು ಅನ್ನೋ ನಿಯಮ ನಮಗೂ ಇದೆ. ಆದರೆ ಬೆರಳಾಡಿಸಿದ್ದು ಮುಟ್ಟಿದ ಲೆಕ್ಕ ಅಲ್ಲ. ತೂತಿನಿಂದ ಕಾಯಿ ಹೊರಗೆ ತೆಗೆದರೆ ಮಾತ್ರ ಲೆಕ್ಕ.

ನನ್ನ ಜೊತೆ ಆಡಿದ ಮಕ್ಕಳಿಗೂ ಲಾಭ ಆಯಿತು. ನಡೆ ಬಾಯಲ್ಲಿ ಹೇಳಿ ಹೇಳಿ, ಬೋರ್ಡ್ ನೋಡದೆ ಎರಡು ಮೂರು ನಡೆ ಮುಂದೆ ಯೋಚಿಸೋದು ಅವರಿಗೆ ತಾನಾಗಿ ಬಂತು.

ವಾರಾಂತ್ಯದ ಕೋಚ್
ತುಂಬಾ ಧನ್ಯವಾದ. ಕೋಚ್ ನಿಮಗೆ ಏನು ಮಾಡಿದ್ದು ಜಾಸ್ತಿ ಸಹಾಯ ಆಯಿತು?

ಬೆರಳ ತುದಿ
ಡೆಮೊ ಬೋರ್ಡಿನಲ್ಲಿ "ಇದು ಇಲ್ಲಿ, ಅದು ಅಲ್ಲಿ" ಅನ್ನುತ್ತಿರಲಿಲ್ಲ. "ಬಿಳಿ ಒಂಟೆ ಸಿ4" ಅಂತ ಪೂರ್ತಿ ಹೇಳುತ್ತಿದ್ದರು. ಅಷ್ಟೇ. ಕಣ್ಣು ಕಾಣುವ ಚಿಕ್ಕ ಮಕ್ಕಳಿಗೂ ಅದರಿಂದಲೇ ಮನೆಗಳ ಹೆಸರು ಬೇಗ ಬಂತು.

ಶಾಲೆ ಟೀಚರ್
ಇದನ್ನು ನಾಳೆಯಿಂದಲೇ ಮಾಡುತ್ತೇನೆ.

ಒಂದು ಕಡೆ ಕೂರಲಾಗದ ಮಕ್ಕಳ ಬಗ್ಗೆಯೂ ಒಂದು ಮಾತು. ನನ್ನ ಗುಂಪಿನಲ್ಲಿ ಒಬ್ಬ ನಿಂತೇ ಆಡುತ್ತಾನೆ. ತನ್ನ ನಡೆ ಆದ ಮೇಲೆ ಒಂದು ಸುತ್ತು ನಡೆದು ಬರುತ್ತಾನೆ. ದೊಡ್ಡ ಟೂರ್ನಮೆಂಟಿನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ಎದ್ದು ಓಡಾಡುತ್ತಾರೆ. ಮಗು ಓಡಾಡಿದರೆ ಏನಾಯಿತು? ಪಕ್ಕದ ಬೋರ್ಡಿನವರಿಗೆ ತೊಂದರೆ ಆಗದಿದ್ದರೆ ಸಾಕು. ಮೂಲೆಯ ಟೇಬಲ್ ಅವನಿಗೇ ಅಂತ ಇಟ್ಟಿದ್ದೇನೆ.

ಕುದುರೆ ಹಾರಿತು
ಕೋಚ್ ಮೇಡಂ, ನಿಮ್ಮಲ್ಲಿ ಹೆಣ್ಣುಮಕ್ಕಳು ಎಷ್ಟು?

ವಾರಾಂತ್ಯದ ಕೋಚ್
ಮೂವರು. ಬೋರ್ಡ್ ಮುಂದೆ ಕೂರೋಕೆ ಒಪ್ಪದ ಮಗು ಅವರಲ್ಲಿ ಒಬ್ಬಳು.

ಕುದುರೆ ಹಾರಿತು
ಮೂವರೂ ಬೇರೆ ಬೇರೆ ಗುಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮಟ್ಟ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಪರವಾಗಿಲ್ಲ. ಹಾಲ್ ತುಂಬ ಗಂಡುಹುಡುಗರು, ನಡುವೆ ಒಬ್ಬಳೇ ಕೂತರೆ ಆಟ ಗೊತ್ತಿದ್ದವಳೂ ಹಿಂಜರಿಯುತ್ತಾಳೆ. 2025ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ದಿವ್ಯಾ ದೇಶ್‌ಮುಖ್ ಮತ್ತು ಕೊನೇರು ಹಂಪಿ ಎದುರಾದರಲ್ಲ, ದಿವ್ಯಾ ಗೆದ್ದು ಅದರಿಂದಲೇ ಗ್ರ್ಯಾಂಡ್‌ಮಾಸ್ಟರ್ ಆದರು. ಆ ಆಟಗಳನ್ನು ಇಡೀ ಕ್ಲಬ್ಬಿಗೆ ತೋರಿಸಿ. ಹುಡುಗರೂ ನೋಡಬೇಕು.

ಏಳನೇ ಸಾಲು
ಆ ಮಗು ಮತ್ತೆ ಕೂರಬೇಕಾದರೆ ಮೊದಲು ಒಂದು ಗೆಲುವು ಬೇಕು. ಪೂರ್ತಿ ಆಟ ಬೇಡ. ಬರೀ ಪಾನ್ ಆಟ ಆಡಿಸಿ, ಆ ಕಡೆ ಎಂಟು, ಈ ಕಡೆ ಎಂಟು. ಹತ್ತು ನಿಮಿಷದಲ್ಲಿ ಮೂರು ಆಟ ಆಗುತ್ತದೆ, ಒಂದರಲ್ಲಾದರೂ ಗೆಲ್ಲುತ್ತಾಳೆ. ಇಬ್ಬರೂ ಹೊಸಬರೇ ಇರಲಿ.

ವಾರಾಂತ್ಯದ ಕೋಚ್
ಅದರಲ್ಲಿ ಗೆಲುವು ಹೇಗೆ ಲೆಕ್ಕ? ರಾಜ ಇಡಬೇಕಾ?

ಏಳನೇ ಸಾಲು
ಮೊದಮೊದಲು ರಾಜ ಬೇಡ. ಕೊನೆಯ ಸಾಲಿಗೆ ಮೊದಲು ಮುಟ್ಟಿದವರು ಗೆದ್ದರು.

ಎಂಡ್‌ಗೇಮ್ ಹುಚ್ಚು
ಎಲ್ಲ ಪಾನ್ ಎದುರುಬದುರು ಸಿಕ್ಕಿಹಾಕಿಕೊಂಡರೆ ಡ್ರಾ ಅಂತ ಶುರುವಿಗೇ ಹೇಳಿಬಿಡಿ, ಇಲ್ಲ ಅಂದರೆ ಜಗಳ ಆಗುತ್ತದೆ. ಎರಡು ವಾರ ಆದ ಮೇಲೆ ರಾಜನನ್ನು ಸೇರಿಸಿ. ಅಲ್ಲಿಂದ ಟೀಚರ್ ಕೊಟ್ಟ ಪೊಸಿಷನ್ನಿಗೆ ನೇರ ದಾರಿ.

ಕರಿಕಾಯಿ
ಎನ್‌ಪಾಸಾಂ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪಾನನ್ನು ಮುಂದಿನ ನಡೆಯಲ್ಲೇ ಹೊಡೆಯುವ ವಿಶೇಷ ನಿಯಮ) ಬಿಡಿ, ಮೊದಲ ವಾರವೇ ಹೇಳಬೇಡಿ.

ಎಂಡ್‌ಗೇಮ್ ಹುಚ್ಚು
ಹೇಳಲೇಬೇಕು! ಪಾನ್ ಆಟದಲ್ಲಿ ಕಲಿಯದೆ ಇನ್ನೆಲ್ಲಿ ಕಲಿಯುತ್ತಾರೆ? ಬೋರ್ಡ್ ಮೇಲೆ ಬೇರೆ ಕಾಯಿಯೇ ಇಲ್ಲ, ಇದಕ್ಕಿಂತ ಸುಲಭವಾಗಿ ಕಾಣೋದು ಸಾಧ್ಯವೇ ಇಲ್ಲ.

ಹದಿನಾರರ ಹುಡುಗ
ಅದನ್ನು ಬೇಕಾದರೆ ನಾನು ಬಂದು ಹೇಳಿಕೊಡುತ್ತೇನೆ ಮೇಡಂ. ಹದಿನೈದು ನಿಮಿಷ ನನ್ನ ಸ್ಕೋರ್‌ಶೀಟ್ ನೋಡಬೇಕು, ಅಷ್ಟೇ.

ವಾರಾಂತ್ಯದ ಕೋಚ್
ಬಾ. ನೋಡುತ್ತೇನೆ.